ಕನ್ನಡದಿಂದ ಕನ್ನಡಕ್ಕೆ

ಕನ್ನಡವನ್ನು ಕನ್ನಡಕ್ಕೆ ಅನುವಾದ ಮಾಡಿ ಚಪ್ಪಾಳೆ ಗಿಟ್ಟಿಸಿದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಜಂಬಕ್ಕೆ ಹೇಳುತ್ತಿಲ್ಲ. ನೆನೆದರೆ ಒಂದು ಸಲ ನಗು ಬರುತ್ತದೆ, ಇನ್ನೊಂದು ಸಲ ಎದ್ದುಹೋಗಿ ಯಾರನ್ನಾದರೂ ಬೈದು ಬರಬೇಕೆನಿಸುತ್ತದೆ. ನನ್ನ ಗುಣವೇ ಅಂಥದು. ಬಡವನಹಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತಲೇ ತಲೆ ನರೆಸಿಕೊಂಡವಳು ನಾನು. ಮೂಗಿನ ತುದಿಯಲ್ಲೇ ಕೋಪ ಎಂದು ಮಕ್ಕಳು ಬೆನ್ನ ಹಿಂದೆ ಆಡಿಕೊಳ್ಳುವುದು ನನಗೂ ಗೊತ್ತು.

ಈ ಕಥೆ ನನ್ನದಲ್ಲ, ನಮ್ಮ ಶಾಲೆಯ ದೈಹಿಕ ಶಿಕ್ಷಕಿಯದು. ಮಕ್ಕಳ ಬಾಯಲ್ಲಿ ಆಕೆ ಪಿಟಿ ಮಿಸ್ಸು. ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಗಳು. ಸಿದ್ದಿಗಳ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗು ಹತ್ತಿಸಿ ತಂದು ಈ ಕಡೆ ಮಾರಿದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಉತ್ತರ ಕನ್ನಡದ ಕಾಡು ಸೇರಿ ಅಲ್ಲೇ ಬೇರು ಬಿಟ್ಟರು. ಅಷ್ಟು ತಲೆಮಾರುಗಳಿಂದ ಇಲ್ಲಿರುವವರು ಈ ನೆಲದವರಲ್ಲ ಎಂದರೆ ನಾವು ಯಾರೂ ಅಲ್ಲ. ಆದರೆ ಮೈಬಣ್ಣ ಕಪ್ಪು, ಕೂದಲು ಗುಂಗುರು. ನಮ್ಮ ಜನಕ್ಕೆ ಇಷ್ಟು ಸಾಕು. ನಾನೂ ಕಪ್ಪೇ. ನನ್ನ ಕಪ್ಪು ಮಾತ್ರ ನಮ್ಮೂರಿನದು ಎಂದು ಯಾರೋ ಯಾವಾಗಲೋ ಒಪ್ಪಿಕೊಂಡುಬಿಟ್ಟಿದ್ದಾರೆ.

ಆಕೆ ಮೊದಲ ಸಲ ಸಿರಾದಲ್ಲಿ ಮಧುಗಿರಿ ಬಸ್ಸು ಹತ್ತಿದಾಗ ಕಂಡಕ್ಟರು, "ವೇರ್ ಗೋ ಮೇಡಂ?" ಎಂದನಂತೆ. "ಬಡವನಹಳ್ಳಿಗೆ ಒಂದು ಕೊಡ್ರಿ," ಎಂದಳು ಈಕೆ. "ಫ್ರೀ ಟಿಕೆಟ್ ಓನ್ಲಿ ಕರ್ನಾಟಕ ಲೇಡೀಸ್," ಎಂದ ಅವನು. ಈಕೆ ಆಧಾರ್ ಕಾರ್ಡು ತೋರಿಸಿದಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಟಿಕೆಟ್ಟು ಹರಿದುಕೊಟ್ಟು, "ಕನ್ನಡ ಎಷ್ಟು ಚೆನ್ನಾಗಿ ಕಲ್ತ್‌ಬುಟ್ಟಿದ್ದೀರ ಮೇಡಂ!" ಎಂದ.

"ನೀವೂ ಏನ್ ಕಡಿಮಿ ಇಲ್ಲ ಬಿಡ್ರಿ, ಚಲೋನ ಕಲ್ತೀರಿ," ಎಂದಳಂತೆ ಈಕೆ.

ಇದನ್ನು ಸ್ಟಾಫ್ ರೂಮಿನಲ್ಲಿ ಆಕೆ ಹೇಳಿದ ದಿನವೇ ನಾವಿಬ್ಬರೂ ಗೆಳತಿಯರಾದದ್ದು. ಅವರ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ನನ್ನನ್ನೂ ಅಕ್ಕೋರೆ ಎಂದೇ ಕರೆದಳು. ಇಷ್ಟು ವರ್ಷ ಮೇಡಂ, ಮಿಸ್ಸು ಎಂದು ಕರೆಸಿಕೊಂಡು ಒಣಗಿದ್ದ ಕಿವಿಗೆ ಅದು ಹಿತವಾಗಿತ್ತು.

ಕೆಲಸದಲ್ಲಿ ಮಾತ್ರ ಆಕೆ ನಗುವವಳಲ್ಲ. ನಮ್ಮ ಶಾಲೆಗೆ ಮೈದಾನವೆಂಬುದು ಕಾಗದದ ಮೇಲಿತ್ತು, ನೆಲದ ಮೇಲೆ ಜಾಲಿಮುಳ್ಳಿತ್ತು. ಆಕೆ ಮಕ್ಕಳ ಅಪ್ಪಂದಿರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಮುಳ್ಳು ಕಡಿಸಿದಳು. ಬೇವಿನ ಕಂಬ ಕೆತ್ತಿಸಿ ನೆಟ್ಟಳು. ಹೆಣ್ಣುಮಕ್ಕಳ ಖೋ-ಖೋ ತಂಡ ಕಟ್ಟಿದಳು. ಹುಡುಗಿಯರು ಲಂಗದ ಮೇಲೆ ಓಡುವುದೇ ಎಂದು ಮೂಗು ಮುರಿದ ಅಜ್ಜಿಯರನ್ನು ಕರೆಸಿ ಬದಿಗೆ ಕುರ್ಚಿ ಹಾಕಿ ಕೂರಿಸಿದಳು. ಸ್ವಲ್ಪ ದಿನಕ್ಕೆ ಆ ಅಜ್ಜಿಯರೇ "ಅಂಗಲ್ಲ ಕಣೇ, ಬಗ್ಗಿ ಓಡು" ಎಂದು ಕೂಗತೊಡಗಿದರು. ನಮ್ಮ ತಂಡ ತಾಲ್ಲೂಕು ಗೆದ್ದಿತು, ಜಿಲ್ಲೆ ಗೆದ್ದಿತು, ರಾಜ್ಯಮಟ್ಟಕ್ಕೆ ಹೆಸರು ಬಂತು. ಅಲ್ಲಿಯವರೆಗೆ ನಮ್ಮ ಶಾಲೆ ಗೆದ್ದಿದ್ದ ಒಂದೇ ಬಹುಮಾನ ಸ್ವಚ್ಛತೆಗೆ ಬಂದ ಸಮಾಧಾನಕರ ಬಹುಮಾನ. ಅದು ಬಂದ ವರ್ಷ ಶಾಲೆಯಲ್ಲಿ ನೀರೇ ಇರಲಿಲ್ಲ.

ಅಷ್ಟರಲ್ಲಿ ವರ್ಗಾವಣೆಯ ಕೌನ್ಸೆಲಿಂಗ್ ಬಂತು. ಅವಳ ಊರಿನ ಹತ್ತಿರವೇ ಒಂದು ಜಾಗ ಖಾಲಿ ಇತ್ತು. ಅಲ್ಲಿಂದ ತಾಯಿಯದು ದಿನಾ ಫೋನು. ಆಕೆ ಕರೆಯುವುದು ಆಯಿ ಎಂದು. ಈ ಆಯಿಯ ವಿಷಯ ಸ್ವಲ್ಪ ಹೇಳಬೇಕು. ಹಳೆ ಸೀರೆ, ಹಳೆ ಅಂಗಿಯ ತುಂಡು ಸೇರಿಸಿ ಕೌದಿ ಹೊಲಿಯುವುದರಲ್ಲಿ ಆಕೆ ಎತ್ತಿದ ಕೈ. ಅವಳ ಕೌದಿಗಳು ದಿಲ್ಲಿಯ ಪ್ರದರ್ಶನಕ್ಕೂ ಹೋಗಿವೆ, ವಿಮಾನ ಹತ್ತಿ ಹೊರದೇಶಕ್ಕೂ ಹೋಗಿವೆ. ಹೆಂಗಸರ ಸಂಘ ಕಟ್ಟಿ ಊರಿಗೆ ರಸ್ತೆ ತರಿಸಿದವಳೂ ಅವಳೇ. ಇಂಥವಳಿಗೆ ಮಗಳೊಬ್ಬಳ ವಿಷಯದಲ್ಲಿ ಮಾತ್ರ ನೆಮ್ಮದಿಯಿಲ್ಲ. "ನಿನ್ನ ಅಂತ ಅನ್ನೋರು ಅಲ್ಲಿ ಯಾರದಾರ? ಬಾ ಮನೀಗೆ," ಎಂಬುದು ಅವಳ ವಾದ.

"ಆಯಿ ಒಂದ್ಸಲ ಬಂದು ನೋಡ್ತೀನಿ ಅಂದಾಳ್ರಿ ಅಕ್ಕೋರೆ," ಎಂದಳು ಈಕೆ ಒಂದು ದಿನ. "ನೋಡಿ ಇರು ಅಂದ್ರ ಇರ್ತೀನಿ. ಬಾ ಅಂದ್ರ ಹೋಗ್ತೀನಿ. ಆಕಿ ಮಾತು ನಾ ಮೀರಾಂಗಿಲ್ಲ."

"ನಿನಗೇನು ಇಷ್ಟ?" ಎಂದೆ.

"ನನ್ನ ಹುಡುಗ್ಯಾರು ಇನ್ನೂ ಸ್ಟೇಟ್ ಆಡಿಲ್ಲಲ್ರಿ," ಎಂದಳು. ಅಷ್ಟೇ ಹೇಳಿ ಸೀಟಿ ಕೊರಳಿಗೆ ಹಾಕಿಕೊಂಡು ಮೈದಾನಕ್ಕೆ ಹೋದಳು. ಆಕೆ ಹೋಗಿಬಿಟ್ಟರೆ ಎಂಬ ಭಯ ಆಕೆಗಿಂತ ನನಗೇ ಹೆಚ್ಚಿತ್ತು. ಸ್ಟಾಫ್ ರೂಮಿನಲ್ಲಿ ನನ್ನ ಜೊತೆ ನಗುವವರು ಬೇರೆ ಯಾರೂ ಇರಲಿಲ್ಲ.

ಇಂಥ ಹೊತ್ತಿಗೆ ಸರಿಯಾಗಿ ಮಧುಗಿರಿಯ ಗೆಳೆಯರ ಬಳಗದವರು ಶಾಲೆಗೆ ಬಂದರು. ಈ ಬಳಗದ ಅಧ್ಯಕ್ಷ ಶಾಮಿಯಾನ, ಮೈಕು, ಕುರ್ಚಿ ಬಾಡಿಗೆಗೆ ಕೊಡುವವನು. ಪುರವರದ ಶಾಲೆಯಲ್ಲಿ ನನ್ನ ಸಹಪಾಠಿ. ಅವನ ಮಟ್ಟಿಗೆ ಸನ್ಮಾನವೆಂಬುದು ಶಾಮಿಯಾನ ಇರುವವರೆಗೂ ನಡೆಯುತ್ತಿರಬೇಕಾದ ಕಾರ್ಯ. ರಾಜ್ಯೋತ್ಸವಕ್ಕೆ ಪಿಟಿ ಮಿಸ್ಸಿಗೆ ಸನ್ಮಾನ ಎಂದ. ನಮಗೆಲ್ಲ ಖುಷಿಯಾಯಿತು. ಆಕೆಯಂತೂ ಅಂದೇ ಆಯಿಗೆ ಫೋನು ಮಾಡಿ, ಅವತ್ತಿನ ದಿನಕ್ಕೇ ಬಾ, ನನ್ನೋರು ಯಾರದಾರ ಅಂತ ನೋಡೀಯಂತ, ಎಂದು ಹೇಳಿಬಿಟ್ಟಳು.

ಅಧ್ಯಕ್ಷ ನನಗೆ ಫ್ಲೆಕ್ಸಿನ ಚಿತ್ರ ಕಳಿಸಿದ್ದು ಆಮೇಲೆ. ಎಡಕ್ಕೆ ತಾಯಿ ಭುವನೇಶ್ವರಿ. ಬಲಕ್ಕೆ ಒಂದು ಜಿರಾಫೆ. ನಡುವೆ ನಮ್ಮ ಪಿಟಿ ಮಿಸ್ಸು. ಹಿಂದೆ ಆಫ್ರಿಕಾದ ಭೂಪಟ. ಕೆಳಗೆ ಬಳಗದ ಸದಸ್ಯರ ಸಾಲು ಸಾಲು ಮುಖ. ಮೇಲೆ ದಪ್ಪ ಅಕ್ಷರದಲ್ಲಿ: "ಸಪ್ತಸಾಗರ ದಾಟಿ ಬಂದ ಆಫ್ರಿಕಾದ ಸಾಧಕಿಗೆ ಮಧುಗಿರಿಯ ಮಹಾಜನತೆಯ ಹೃತ್ಪೂರ್ವಕ ಸ್ವಾಗತ."

ಫೋನು ಹಚ್ಚಿದೆ. "ಏನೋ ಇದು? ಆಕೆ ಯಲ್ಲಾಪುರದವಳು. ಕರ್ನಾಟಕದವಳು ಕಣೋ."

"ಗೊತ್ತು ಬುಡಮ್ಮ, ಆಮ್ಯಾಕೆ ಗೊತ್ತಾಯ್ತು. ಅಷ್ಟೊತ್ಗೆ ಫ್ಲೆಕ್ಸ್ ಕಟ್ಬುಟ್ಟಿದ್ವಿ. ಕೊರಟಗೆರೆಯೋರು ಹೋದ್ವರ್ಸ ಬಿಳಿಯೋನ್ನ ಕರ್ಸಿದ್ರು ಕಣಮ್ಮ. ನಮ್ದೂ ಒಂದು ಫಾರಿನ್ ಆಗ್ಬೇಕಲ್ಲ?"

ಕೊರಟಗೆರೆಯವರು ಕರೆಸಿದ್ದೇನೂ ಅಲ್ಲ. ಬೆಟ್ಟ ಹತ್ತಲು ಬಂದಿದ್ದ ಬಿಳಿಯವನೊಬ್ಬನನ್ನು ದಾರಿಯಲ್ಲಿ ಹಿಡಿದು, ಶಾಲು ಹೊದಿಸಿ, ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ್ದರು. ಅವನಿಗೆ ಅದು ಯಾತಕ್ಕೆಂದು ಇಂದಿಗೂ ತಿಳಿದಿರಲಾರದು.

"ಈಗ ಏನ್ಮಾಡ್ತೀಯ?" ಎಂದೆ.

"ಏನಿಲ್ಲ, ಅವ್ರು ಅವ್ರ ಭಾಷೇಲಿ ಮಾತಾಡ್ತಾರೆ, ನೀನು ಟ್ರಾನ್ಸ್‌ಲೇಟ್ ಮಾಡು."

"ಅವಳ ಭಾಷೆ ಕನ್ನಡ!"

"ಇನ್ನೂ ಒಳ್ಳೇದಾಯ್ತು. ನಿಂಗೆ ಕಷ್ಟವೇ ಇಲ್ಲ."

ಫೋನನ್ನು ಗೋಡೆಗೆ ಎಸೆಯಬೇಕೆಂದುಕೊಂಡೆ. ಫೋನು ನನ್ನದೇ ಎಂದು ಸುಮ್ಮನಾದೆ. ಈ ಕಾರ್ಯಕ್ರಮವೇ ಬೇಡ, ಹೋಗುವುದೇ ಬೇಡ ಎಂದು ಮರುದಿನ ಆಕೆಗೆ ಹೇಳಿದೆ. ಫ್ಲೆಕ್ಸ್ ನೋಡಿ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸಪ್ತಸಾಗರ ಎಲ್ಲೀದ್ರಿ ಅಕ್ಕೋರೆ? ನಾ ದಾಟಿದ್ದು ಹರಿಹರದ ತುಂಗಭದ್ರಾ ಒಂದ. ಜಿರಾಫಿ ಬದ್ಲಿ ಕಾಡೆಮ್ಮಿ ಹಾಕಿದ್ರ ನಮ್ಮ ಊರಿಗೆ ಹೊಂದತಿತ್ತು." ಆಮೇಲೆ ನಗು ನಿಂತಿತು. "ಆಯಿ ಬಸ್ಸಿಗೆ ಸೀಟ್ ಹಿಡಿಸ್ಯಾಳ್ರಿ. ಈಗ ಬ್ಯಾಡ ಅಂದ್ರ ಯಾಕ ಅಂತಾಳ. ಯಾಕ ಅಂದ್ರ ಏನ್ ಹೇಳ್ಲಿ? ನೀವ ಮೈಕ್ ಹಿಡೀರಿ. ಬ್ಯಾರೆಯವ್ರು ನಿಂತ್ರ ನಾ ಹೇಳಿದ್ದೊಂದ ಬಿಟ್ಟು ಎಲ್ಲಾ ಹೇಳ್ತಾರ."

ಸರಿ, ಮೈಕು ನಾನೇ ಹಿಡೀತೀನಿ ಎಂದೆ.

ಆಯಿಯನ್ನು ಕರೆತರಲು ಇಬ್ಬರೂ ಸಿರಾಕ್ಕೆ ಹೋದೆವು. ಗಟ್ಟಿಮುಟ್ಟಾದ ಹೆಂಗಸು. ಇಳಿದವಳೇ ನನ್ನ ಕೈ ಹಿಡಿದು ಮುಖವನ್ನು ಒಂದು ಗಳಿಗೆ ನೋಡಿದಳು, ಸಂತೆಯಲ್ಲಿ ಬಟ್ಟೆ ನೋಡುವ ಹಾಗೆ. ಸದ್ಯ, ಒಪ್ಪಿದಂತೆ ಕಂಡಿತು. ಮಧುಗಿರಿಯ ಸರ್ಕಲ್ಲಿನಲ್ಲಿ ಫ್ಲೆಕ್ಸು ಆಕಾಶದೆತ್ತರಕ್ಕೆ ನಿಂತಿತ್ತು. ನಾನು ಬೇಗ ಬೇಗ ನಡೆಯಿರಿ ಎಂದು ಅವಸರ ಮಾಡಿದರೂ ಆಯಿ ನಿಂತೇಬಿಟ್ಟಳು. ಅವಳಿಗೆ ಅಷ್ಟೊಂದು ಓದು ಬರದು. ಕೆಳಗಿನ ಮುಖಗಳನ್ನೆಲ್ಲ ನೋಡುತ್ತಾ ಬಂದು ಜಿರಾಫೆಯ ಕಡೆ ಬೆರಳು ತೋರಿಸಿ, "ಇವ್ರು ಕಮಿಟಿಯಾಗ ಏನಾಗಬೇಕ್ರಿ?" ಎಂದಳು.

"ಖಜಾಂಚಿ," ಎಂದೆ ನಾನು. ಕೋಪದಲ್ಲಿ ಬಾಯಿಗೆ ಬಂದದ್ದು ಅದು. ಆಯಿ ತಲೆಯಾಡಿಸಿದಳು. ನಂಬಿದಳೋ ನಟಿಸಿದಳೋ ಇವತ್ತಿಗೂ ಹೇಳಲಾರೆ.

ಸಂಜೆ ಬಿಸಿಲು ಇಳಿಯುವ ಮೊದಲೇ ಕಾರ್ಯಕ್ರಮ ಶುರುವಾಯಿತು. ಎದುರಿಗೆ ನಮ್ಮ ಖೋ-ಖೋ ಹುಡುಗಿಯರು ಒಂದು ಸಾಲು ತುಂಬಿಕೊಂಡಿದ್ದರು, ಟೆಂಪೋ ಮಾಡಿಕೊಂಡು ಬಂದಿದ್ದವರು. ಅವರ ನಡುವೆ ಆಯಿ. ವೇದಿಕೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ಕುರ್ಚಿ. ಸನ್ಮಾನಿತೆಗೆ ಕೊನೆಯದು, ಅನುವಾದಕಿಗೆ ಕುರ್ಚಿಯೇ ಇಲ್ಲ. ಪಾವಗಡದಿಂದ ಬಂದಿದ್ದ ಮುಖ್ಯ ಅತಿಥಿ ಮೊದಲು ಎದ್ದರು. "ಈ ದಿನಮು ನಂಗೆ ಚಾಲಾ ಸಂತೋಷಂ ಐತೆ. ಮನ ಪಾವಗಡದಾಗೆ ಇಂಥಾ ಫಂಕ್ಷನ್ ಎಪ್ಪುಡೂ ನೋಡ್ಲೇದು," ಎಂದು ಆರಂಭಿಸಿದರು. ಅವರು ಮುಗಿಸುವಷ್ಟರಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ, ಉಳಿದದ್ದು ಕೆಮ್ಮು. ಯಾರೂ ಅನುವಾದ ಕೇಳಲಿಲ್ಲ. ಆಮೇಲೆ ಸಿರಾದ ಮೋಟರು ಬಿಡಿಭಾಗಗಳ ವ್ಯಾಪಾರಿ. "ಬಹುತ್ ಖುಷಿ ಆಯ್ತು ಜನಾಬ್, ಮೇಡಮ್ಮೋರ ಮೆಹನತ್ತಿಗೆ ಇಜ್ಜತ್ ಕೊಟ್ರಿ," ಎಂದು ಚಂದದ ನಾಲ್ಕು ಮಾತಾಡಿ ಕೂತರು. ಅವರಿಗೂ ಅನುವಾದ ಬೇಕಾಗಲಿಲ್ಲ. ಅಧ್ಯಕ್ಷ ಮಾತ್ರ ಇಂಗ್ಲಿಷಿನಲ್ಲಿ ಸ್ವಾಗತಿಸಿದ, ಫಾರಿನ್ ಅತಿಥಿಗೆ ತಿಳಿಯಲೆಂದು. ಅದು ಫಾರಿನ್ ಅತಿಥಿಗೂ ತಿಳಿಯಲಿಲ್ಲ, ಇಂಗ್ಲಿಷಿಗೂ ತಿಳಿಯಲಿಲ್ಲ.

ಶಾಲು, ಹಾರ, ಪೇಟ ಎಲ್ಲ ಆದವು. ಪೇಟ ನಮ್ಮ ಕಡೆ ಒಂದೇ ಅಳತೆಗೆ ಬರುತ್ತದೆ. ಗಣ್ಯರೆಲ್ಲರ ಹುಬ್ಬಿನ ಮೇಲೆ ಜಾರಿ ಕೂತಿದ್ದ ಅದು ನಮ್ಮ ಪಿಟಿ ಮಿಸ್ಸಿನ ತಲೆಯ ಮೇಲೆ ಮಾತ್ರ ರಾಣಿಯ ಕಿರೀಟದಂತೆ ನಿಂತಿತು. ಅಭಿನಂದನಾ ಪತ್ರ ಓದಿದರು. ಅದರಲ್ಲಿ ಸಾಗರವಿತ್ತು, ಸಿಂಹವಿತ್ತು, ಕತ್ತಲೆ ಖಂಡವಿತ್ತು. ಖೋ-ಖೋ ಇರಲಿಲ್ಲ. ಜಾಲಿಮುಳ್ಳು ಇರಲಿಲ್ಲ. ಆಕೆ ಮಾಡಿದ್ದೇನು ಎಂಬುದೊಂದನ್ನು ಬಿಟ್ಟು ಎಲ್ಲ ಇತ್ತು.

"ಈಗ ಸನ್ಮಾನಿತರು ಅವ್ರ ಮಾತೃಭಾಷೇಲಿ ಮಾತಾಡ್ತಾರೆ," ಎಂದು ಅಧ್ಯಕ್ಷ ಮೈಕಿನಲ್ಲಿ ಸಾರಿದ. "ನಮಗೆ ತಿಳಿಯಾಕಿಲ್ಲ ಅಂತ ಮೇಡಮ್ಮೋರು ಕನ್ನಡಕ್ಕೆ ಮಾಡ್ತಾರೆ. ಶಾಂತವಾಗಿರಿ."

ಎರಡು ಮೈಕು. ಆಕೆ ಒಂದಕ್ಕೆ, ನಾನು ಒಂದಕ್ಕೆ.

"ಎಲ್ಲಾರಿಗೂ ನನ್ನ ನಮಸ್ಕಾರ," ಎಂದಳು ಆಕೆ.

ಸಾವಿರ ಕಣ್ಣು ನನ್ನ ಕಡೆ ತಿರುಗಿದವು.

"ಎಲ್ಲರಿಗೂ ನನ್ನ ನಮಸ್ಕಾರ," ಎಂದೆ.

ಚಪ್ಪಾಳೆಯೋ ಚಪ್ಪಾಳೆ. ನಮಸ್ಕಾರಕ್ಕೆ ಪ್ರತಿನಮಸ್ಕಾರವೂ ಬಂತು, ನನಗೆ.

"ನಾನು ಯಲ್ಲಾಪುರ ಕಡಿಯಾಕಿ. ಈ ಊರ ಮಕ್ಕಳಿಗೆ ಆಟ ಕಲಸ್ತೀನಿ."

"ನಾನು ಯಲ್ಲಾಪುರ ಕಡೆಯವಳು. ಈ ಊರ ಮಕ್ಕಳಿಗೆ ಆಟ ಕಲಿಸುತ್ತೇನೆ."

"ಏನ್ ಚೆನ್ನಾಗಿ ಟ್ರಾನ್ಸ್‌ಲೇಟ್ ಮಾಡ್ತಾರಪ್ಪ, ಒಂದು ಪದ ತಡವರ್ಸಾಕಿಲ್ಲ," ಎಂದು ವೇದಿಕೆಯ ಮೇಲೆಯೇ ಯಾರೋ ಹೇಳಿದ್ದು ನನಗೆ ಕೇಳಿಸಿತು. ಎಲ್ಲರೂ ಯಲ್ಲಾಪುರ ಎಂಬ ಮಾತನ್ನು ಕೇಳಿದರು. ಯಾರಿಗೂ ಏನೂ ಅನ್ನಿಸಲಿಲ್ಲ. ಕಣ್ಣು ಒಂದು ನಿರ್ಧಾರ ಮಾಡಿಬಿಟ್ಟ ಮೇಲೆ ಕಿವಿಯದು ಏನೂ ನಡೆಯುವುದಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು.

ನನಗೆ ತಾಳ್ಮೆ ತಪ್ಪಿತು.

"ಇಷ್ಟು ಪ್ರೀತಿಲೆ ಕರದೀರಿ, ಬಾಳ ಸಂತೋಷ ಆತು," ಎಂದಳು ಆಕೆ.

"ಇವರಿಗೆ ಬಹಳ ಸಿಟ್ಟು ಬಂದಿದೆ," ಎಂದೆ ನಾನು.

ಆಕೆ ನನ್ನ ಕಡೆ ತಿರುಗಿ, "ಅಯ್ಯ ಅಕ್ಕೋರೆ, ನಾ ಹಂಗ ಅಂದಿಲ್ರಿ!" ಎಂದಳು ಮೈಕಿನಲ್ಲೇ.

"ನಾನು ಹಾಗೆ ಅಂದಿಲ್ಲ ಎನ್ನುತ್ತಾರೆ," ಎಂದೆ.

ಸಭೆ ಬಿದ್ದು ಬಿದ್ದು ನಕ್ಕಿತು. ಪಾವಗಡದ ಅತಿಥಿ ಪಕ್ಕದವರನ್ನು, "ಏಮಂಟಾರು? ಏನಂತೆ?" ಎಂದು ಕೇಳತೊಡಗಿದರು. ಅಧ್ಯಕ್ಷ ನನ್ನ ಸೆರಗಿನ ಹತ್ತಿರ ಬಂದು, "ಲೇ ತಾಯಿ, ಇದ್ದದ್ದು ಇದ್ದಂಗೆ ಮಾಡು," ಎಂದು ಹಲ್ಲು ಕಚ್ಚಿ ಹೇಳಿದ. "ಇದ್ದದ್ದು ಇದ್ದ ಹಾಗೆ ಮಾಡಬೇಕಂತೆ," ಎಂದು ಅದನ್ನೂ ಮೈಕಿಗೆ ಹೇಳಿದೆ. ಅಷ್ಟು ಹೊತ್ತಿಗೆ ಆಕೆಗೂ ತಡೆಯಲಾಗಲಿಲ್ಲ, ಪೇಟ ಹಿಡಿದುಕೊಂಡು ನಗತೊಡಗಿದಳು. ನಗುತ್ತಲೇ ಹುಡುಗಿಯರ ಬಗ್ಗೆ ಮಾತಾಡಿದಳು. ಯಾರು ಹೇಗೆ ಓಡುತ್ತಾಳೆ, ಯಾರ ಮೊಣಕಾಲು ಎಷ್ಟು ಸಲ ಒಡೆದಿದೆ, ಯಾರ ಅಜ್ಜಿ ಹೇಗೆ ಬೈಯುತ್ತಾಳೆ. ನಾನು ಒಂದೊಂದನ್ನೂ ಮತ್ತೆ ಹೇಳಿದೆ. ಒಂದೊಂದಕ್ಕೂ ನಗು, ಒಂದೊಂದಕ್ಕೂ ಚಪ್ಪಾಳೆ. ಸಭೆಗೆ ಬೇಕಾದ ತಮಾಷೆ ಸಿಕ್ಕಿತ್ತು. ನನಗೆ ಮಾತ್ರ ಆಯಿಯ ಮುಖ ನೋಡಲು ಧೈರ್ಯ ಬರಲಿಲ್ಲ. ಮಗಳ ಮಾತನ್ನು ಮಗಳ ಬಾಯಿಂದ ಕೇಳಲು ಒಪ್ಪದ ಊರನ್ನು ಅವಳು ಕಣ್ಣಾರೆ ನೋಡುತ್ತಿದ್ದಾಳೆ. ಮುಗಿಯಿತು, ಇವಳು ಹೊರಟಳು, ಎಂದುಕೊಂಡೆ.

ಅಷ್ಟಕ್ಕೇ ಬಿಟ್ಟಾರೆಯೇ? "ವಿದೇಶಿ ಸಾಧಕಿಯ ತಾಯೋರೂ ನಮ್ಮ ನಡುವೆ ಅವ್ರೆ," ಎಂದು ಅಧ್ಯಕ್ಷ ಆಯಿಯನ್ನೂ ಮೇಲೆ ಕರೆದ. ಅವಳಿಗೂ ಶಾಲು ಬಿತ್ತು. ಅವಳು ಅದನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ನನಗೆ ಮಾತ್ರ ಕೇಳುವಂತೆ, "ಇಂಥಾವು ಮನ್ಯಾಗ ಗುಡ್ಡಿ ಬಿದ್ದಾವ್ರಿ. ಥಂಡಿ ತಡ್ಯಾಂಗಿಲ್ಲ. ಕತ್ತರಿಸಿ ಕೌದಿಗೆ ಹಚ್ಚತೀನಿ," ಎಂದಳು. ಅಲ್ಲಿದ್ದ ಗಣ್ಯರೆಲ್ಲರ ಸನ್ಮಾನ ಒಟ್ಟು ಸೇರಿಸಿದರೂ ಅವಳಿಗೆ ಆದಷ್ಟು ಆಗಿರಲಾರದು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ಅಮ್ಮ, ನಿಮ್ಮ ದೇಶದ ಭಾಷೇಲಿ ಎರಡು ಮಾತು," ಎಂದ ಅಧ್ಯಕ್ಷ ಕೈಸನ್ನೆ ಮಾಡಿ, ಕಿವುಡರ ಜೊತೆ ಮಾತಾಡುವವನಂತೆ.

ಆಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮೈಕು ತೆಗೆದುಕೊಂಡು ಮಗಳ ಕಡೆ ತಿರುಗಿ, ಸಿದ್ದಿಗಳು ತಮ್ಮತಮ್ಮಲ್ಲೇ ಆಡುವ ಮನೆಮಾತಿನಲ್ಲಿ ಶುರುಮಾಡಿದಳು. ಕೊಂಕಣಿಯಂತೆ ಕೇಳಿಸಿತು, ಮರಾಠಿಯಂತೆಯೂ. ಎಲ್ಲೋ ಒಂದೊಂದು ಕನ್ನಡದ ಪದ. ನನಗೆ ತಲೆಬುಡ ತಿಳಿಯಲಿಲ್ಲ. ಅವಳು ಸಭೆಗೆ ಹೇಳುತ್ತಿಲ್ಲ, ಮಗಳಿಗೆ ಹೇಳುತ್ತಿದ್ದಾಳೆ ಎಂಬುದಷ್ಟೇ ತಿಳಿಯಿತು. ಮಗಳ ನಗು ಹೋಯಿತು. ತಲೆ ತಗ್ಗಿಸಿದಳು. ಕಣ್ಣು ಒರೆಸಿಕೊಂಡಳು. ಜನ ಉಸಿರು ಬಿಗಿಹಿಡಿದು ಕೇಳಿದರು. "ಇದು ಅಸಲಿ ನೋಡು," ಎಂದ ಹಿಂದಿನಿಂದ ಒಬ್ಬ. ತೀರ್ಪು ನನ್ನೆದುರಿಗೇ ಓದುತ್ತಿದ್ದಾರೆ, ನನಗೆ ಮಾತ್ರ ಅದು ತಿಳಿಯದ ಭಾಷೆಯಲ್ಲಿದೆ.

ಆಯಿ ಮುಗಿಸಿದಳು. ಎಲ್ಲರೂ ನನ್ನ ಕಡೆ ನೋಡಿದರು. ತಿಳಿಯುವ ಭಾಷೆಯನ್ನು ಇಷ್ಟು ಚೆನ್ನಾಗಿ ಮಾಡಿದವಳು ತಿಳಿಯದ್ದನ್ನು ಮಾಡಲಾರಳೇ ಎಂಬ ಪೂರ್ತಿ ನಂಬಿಕೆ ಆ ಮುಖಗಳಲ್ಲಿತ್ತು. ನಾನು ಮೈಕನ್ನು ಪಿಟಿ ಮಿಸ್ಸಿನ ಕೈಗಿಟ್ಟೆ.

ಆಕೆ ಸಭೆಯ ಕಡೆ ತಿರುಗಿ, "ನಿಮ್ಮ ಊರು ಬಾಳ ಚಲೋ ಐತಿ ಅಂತಾಳ ನಮ್ಮ ಆಯಿ," ಎಂದಳು.

ಮಧುಗಿರಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಮಾತಿಗೆ ಮಾತ್ರ ಯಾರೂ ನನ್ನ ಕಡೆ ತಿರುಗಲಿಲ್ಲ. ಹೊಗಳಿಕೆ ಯಾವ ಬಾಯಿಂದ ಬಂದರೂ ನೇರವಾಗಿ ತಿಳಿಯುತ್ತದೆ. ಅಧ್ಯಕ್ಷ ಕಣ್ಣೊರೆಸಿಕೊಂಡು ಬಿಸಿಬೇಳೆಬಾತಿನ ಪಾತ್ರೆ ತೆರೆಯಲು ಹೇಳಿದ.

ನಾನು ಕನ್ನಡ ಪಾಠ ಹೇಳುವವಳು. ಅಷ್ಟುದ್ದ ಮಾತಿಗೆ ಇಷ್ಟು ಗಿಡ್ಡ ಅರ್ಥ ಇರುವುದಿಲ್ಲವೆಂದು ನನಗೆ ಗೊತ್ತು. ತಟ್ಟೆ ಹಿಡಿದುಕೊಂಡೇ ಆಕೆಯನ್ನು ಶಾಮಿಯಾನದ ಹಿಂದಕ್ಕೆ ಎಳೆದುಕೊಂಡು ಹೋದೆ. ಆಯಿ ಆಚೆ ಹುಡುಗಿಯರ ನಡುವೆ ಕೂತು ಉಣ್ಣುತ್ತಿದ್ದಳು.

"ಬಾ ಅಂದರಾ?" ಎಂದೆ. "ಸುಳ್ಳು ಹೇಳಬೇಡ. ಅಲ್ಲಿ ಹೇಳಿದ್ದು ಸಾಕು. ಹೋಗ್ತೀಯಾ?"

ಆಕೆ ಆಯಿ ಹೇಳಿದ್ದನ್ನು ಹೇಳಿದ ಹಾಗೆಯೇ, ಒಂದೊಂದೇ ಮಾತಾಗಿ ನನಗೆ ಕನ್ನಡದಲ್ಲಿ ಹೇಳಿದಳು:

"'ನೀ ಮಾತಾಡೂ ಮುಂದ ನಾ ನಿನ್ನ ನೋಡ್ಲಿಲ್ಲ ಮಗಾ, ಮಂದೀನ್ನ ನೋಡಿದೆ. ಎಲ್ಲಾರೂ ಆ ಅಕ್ಕೋರು ಹೇಳಿದ ಮ್ಯಾಲ ನಕ್ರು. ನನ್ನ ಬಾಜೂಕ ಕುಂತ ಹುಡುಗ್ಯಾರು ಮಾತ್ರ ನೀ ಅಂದ ಕೂಡ್ಲೆ ನಕ್ರು. ಅವ್ರನ್ನ ಇಂಥಾ ಮಂದಿ ಕೈಯಾಗ ಬಿಟ್ಟು ಮನೀಗೆ ಬಂದೀ ಅಂದ್ರ, ನಾ ಬಾಗ್ಲ ತಗಿಯೂದಿಲ್ಲ.'"